ಕುದಿಸಬಾರದಿದ್ದ ಉಪ್ಪು

ವಿಶಾಖಪಟ್ಟಣದ ಹೊರವಲಯದ ಪರವಾಡದ ಔಷಧ ಕಾರ್ಖಾನೆಗಳಿಗೆ ಕಂಪನಿ ಬಸ್ಸು ಹತ್ತಿ ಹೋಗುವ ಹುಡುಗಿಯರು ಈಗ ನಮ್ಮ ಬೀದಿಯಲ್ಲೇ ನಾಲ್ಕೈದು ಮಂದಿ ಇದ್ದಾರೆ. ಎಲ್ಲರೂ ಕೆಮಿಸ್ಟ್ರಿ ಓದಿದವರು. ಭಾನುವಾರ ಮನೆಗೆ ಬಂದಾಗ "ಆಂಟಿ, ನಿಮ್ಮ ಕಾಲದಲ್ಲಿ ಲ್ಯಾಬ್ ಕೆಲಸ ಹೇಗಿತ್ತು?" ಎಂದು ಕೇಳುತ್ತಾರೆ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವರ ಕಣ್ಣು ಫೋನಿನ ಮೇಲೆ ಹೋಗಿರುತ್ತದೆ. ಅದಕ್ಕೇ ಬರೆದು ಕೊಡುತ್ತಿದ್ದೇನೆ. ಬರೆದದ್ದಾದರೆ ಬೇಕಾದಾಗ ಓದಬಹುದು, ನನ್ನ ಮುಖ ನೋಡಿ ಹೂಂಗುಟ್ಟುವ ದಾಕ್ಷಿಣ್ಯವೂ ಇರುವುದಿಲ್ಲ.

ಬಡ್ತಿಗಳ ಕಥೆ ಹೇಳುವುದಿಲ್ಲ. ಬಂದವು, ತಡವಾಗಿ ಬಂದವು, ಅಷ್ಟೇ. ನಾನು ಹೇಳಬೇಕಾದ್ದು ಒಂದು ಬಿಳಿ ಉಪ್ಪಿನ ವಿಷಯ, ಅದರ ಮುಂದೆ ನಾನು ಮಾಡಿದ ಒಂದು ದೊಡ್ಡ ತಪ್ಪು, ಆ ತಪ್ಪಿನಿಂದ ಕಳ್ಳನೆನಿಸಿಕೊಂಡ ಒಬ್ಬ ಮನುಷ್ಯನ ವಿಷಯ. ಕೊನೆಗೆ ಗೆದ್ದೆವು ಎಂದು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ಗೆಲುವನ್ನು ನೆನೆದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ನಾನು ಗದಗಿನ ಕಡೆಯವಳು. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ, ಎಂಬತ್ತರ ದಶಕದಲ್ಲಿ ವಿಶಾಖಪಟ್ಟಣಕ್ಕೆ ಬಂದೆ. ನಮ್ಮ ಮನೆಯವರು ನೌಕಾಪಡೆಯ ಹಡಗಿನ ಎಂಜಿನ್ ಕೋಣೆಯಲ್ಲಿದ್ದರು. ಹಡಗು ಹೊರಟಿತೆಂದರೆ ವಾರಗಟ್ಟಲೆ ಕ್ವಾರ್ಟರ್ಸಿನಲ್ಲಿ ನಾನು ಮತ್ತು ಮಗ ಇಬ್ಬರೇ. ಸುಮ್ಮನೆ ಕೂರುವುದು ನನ್ನ ಜಾತಕದಲ್ಲಿ ಬರೆದಿಲ್ಲ. ಗಾಜುವಾಕದ ಕಡೆ ಒಂದು ಸಣ್ಣ ರಾಸಾಯನಿಕ ಕಾರ್ಖಾನೆಗೆ ಲ್ಯಾಬಿನಲ್ಲಿ ಕೆಲಸಕ್ಕೆ ಜನ ಬೇಕೆಂದು ಕೇಳಿ ಹೋಗಿ ಕೂತೆ. ವರ್ಕ್ಸ್ ಮ್ಯಾನೇಜರ್ ಮೂರ್ತಿಗಾರು ನನ್ನ ಸರ್ಟಿಫಿಕೇಟುಗಳನ್ನು ಉಲ್ಟಾ ಪಲ್ಟಾ ಮಾಡಿ ನೋಡಿ, "ನಿಮ್ಮ ಯಜಮಾನರಿಗೆ ವರ್ಗವಾದರೆ ಏನಮ್ಮಾ ಮಾಡುತ್ತೀರಿ?" ಎಂದರು. "ಅಷ್ಟು ಹೊತ್ತಿಗೆ ನಿಮ್ಮ ಕಾರ್ಖಾನೆ ಇರುತ್ತದೋ ಇಲ್ಲವೋ ಸಾರ್, ಆಗ ನೋಡೋಣ" ಎಂದೆ. ಅವರು ಸೋಮವಾರ ಬರಲು ಹೇಳಿದರು.

ಮಾತಾಡಿದ್ದೆಲ್ಲ ತೆಲುಗಿನಲ್ಲಿ. ನಾನು ಇಲ್ಲಿ ಅವರ ತೆಲುಗನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆಗ ನನ್ನ ತೆಲುಗು ತರಕಾರಿ ಕೊಳ್ಳುವಷ್ಟಿತ್ತು, ಜಗಳ ಆಡುವಷ್ಟಿರಲಿಲ್ಲ. ಅದನ್ನೂ ಕಾರ್ಖಾನೆಯೇ ಕಲಿಸಿತು.

ನಾವು ತಯಾರಿಸುತ್ತಿದ್ದದ್ದು ಒಂದೇ ಒಂದು ಉಪ್ಪು: ಅಮೋನಿಯಂ ಸಲ್ಫಮೇಟ್. ಹತ್ತಿ ಬಟ್ಟೆಯನ್ನು ಇದರ ನೀರಿನಲ್ಲಿ ಅದ್ದಿ ಒಣಗಿಸಿದರೆ ಬೆಂಕಿ ತಾಗಿದಾಗ ಕರಕಲಾಗುತ್ತದೆಯೇ ಹೊರತು ಭುಗಿಲೆದ್ದು ಉರಿಯುವುದಿಲ್ಲ. ಸಿನೆಮಾ ಟಾಕೀಸಿನ ಪರದೆಗಳಿಗೆ, ಸಭಾಭವನಗಳ ತೆರೆಗಳಿಗೆ ಇದು ಬೇಕಾಗುತ್ತಿತ್ತು. ಇದಕ್ಕೊಬ್ಬ ಅಗ್ಗದ ದಾಯಾದಿ ಇದ್ದಾನೆ, ಅಮೋನಿಯಂ ಸಲ್ಫೇಟ್, ಗದ್ದೆಗೆ ಹಾಕುವ ಗೊಬ್ಬರ. ನೋಡಲು ಎರಡೂ ಒಂದೇ ತರಹ, ಸಕ್ಕರೆಯಂಥ ಬಿಳಿ ಹರಳು. ಓದುವವರಿಗೆ ಹೆಸರು ಗೊಂದಲವಾಗಬಾರದೆಂದು ಮೊದಲನೆಯದನ್ನು ನಮ್ಮ ಉಪ್ಪು ಎನ್ನುತ್ತೇನೆ, ಎರಡನೆಯದನ್ನು ಗೊಬ್ಬರ ಎನ್ನುತ್ತೇನೆ. ನಮ್ಮ ಉಪ್ಪಿನಲ್ಲಿ ಗಂಧಕಕ್ಕೆ ಒಂದು ಸಾರಜನಕ ನೇರವಾಗಿ ಅಂಟಿಕೊಂಡಿರುತ್ತದೆ. ಗೊಬ್ಬರದಲ್ಲಿ ಆ ಜಾಗದಲ್ಲಿ ಆಮ್ಲಜನಕ ಕೂತಿರುತ್ತದೆ. ಬೆಲೆಯ ಅಂತರವೆಲ್ಲ ಆ ಒಂದು ಅಂಟಿನಲ್ಲಿ ಇದೆ.

ಮೊದಲ ವಾರದಲ್ಲೇ ಆ ಉಪ್ಪು ನನ್ನನ್ನು ಆಟವಾಡಿಸಿತು. ಗಾಜಿನ ತಟ್ಟೆಯಲ್ಲಿ ಒಂದಿಷ್ಟು ತೂಕಕ್ಕಿಟ್ಟೆ. ಮುಳ್ಳು ನಿಲ್ಲಲೇ ಇಲ್ಲ, ನೋಡನೋಡುತ್ತ ತೂಕ ಏರುತ್ತಲೇ ಹೋಯಿತು. ತಕ್ಕಡಿ ಕೆಟ್ಟಿದೆಯೆಂದು ಸ್ಟೋರಿನವನ ಜೊತೆ ಜೋರು ಜಗಳವಾಡಿದೆ. ತಕ್ಕಡಿ ಸರಿಯಾಗಿಯೇ ಇತ್ತು. ವಿಶಾಖಪಟ್ಟಣದ ಸಮುದ್ರದ ಗಾಳಿಯಲ್ಲಿರುವ ನೀರನ್ನು ನಮ್ಮ ಉಪ್ಪು ಕುಡಿಯುತ್ತಿತ್ತು. ಇದನ್ನು ನನಗೆ ತೋರಿಸಿಕೊಟ್ಟವನು ಆಪರೇಟರ್ ಸಿಂಹಾಚಲಂ. ಪ್ಯಾಕಿಂಗ್ ಹಾಲಿನ ಕಿಟಕಿಗಳನ್ನೆಲ್ಲ ಮುಚ್ಚಿಸಿ, ಚೀಲದೊಳಗಿನ ಪ್ಲಾಸ್ಟಿಕ್ಕಿನ ಬಾಯನ್ನು ಎರಡು ಸಲ ತಿರುಚಿ ಕಟ್ಟಿಸುತ್ತಿದ್ದ. ನಾನು ತಕ್ಕಡಿಯನ್ನು ಬೈಯುವುದನ್ನು ಬಾಗಿಲಲ್ಲಿ ನಿಂತು ಕೇಳಿ, ಕನ್ನಡದಲ್ಲಿ, ಹೌದು, ಕನ್ನಡದಲ್ಲೇ, "ಅದನ್ಯಾಕ್ ಬೈತೀರಮ್ಮಾ? ಮುಚ್ಚಿ ಇಟ್ಟು ತೂಗ್ರಿ" ಎಂದ.

ಅವನ ತಾಯಿ ಬಳ್ಳಾರಿಯವಳು, ಅಪ್ಪ ಅನಕಾಪಲ್ಲಿ ಕಡೆಯವನು. ಮನೆಯಲ್ಲಿ ಅವ್ವನ ಜೊತೆ ಆಡಿ ಉಳಿಸಿಕೊಂಡ ಕನ್ನಡ ಅವನದು, ಅರ್ಧ ತೆಲುಗು ಬೆರೆತದ್ದು. ಐದನೆಯ ತರಗತಿಗೆ ಶಾಲೆ ಬಿಟ್ಟಿದ್ದ. ನಮ್ಮ ಉಪ್ಪಿನ ವಿಷಯದಲ್ಲಿ ಮಾತ್ರ ನನ್ನ ಡಿಗ್ರಿಗಿಂತ ಅವನ ಮೂಗು ದೊಡ್ಡದು. ಮೂಗು ಎಂದದ್ದು ತಮಾಷೆಗಲ್ಲ. ಸಲ್ಫಮಿಕ್ ಆಮ್ಲದ ಪುಡಿಯನ್ನು ನೀರಿನಲ್ಲಿ ಕರಗಿಸಿ ಅಮೋನಿಯಾ ಅನಿಲ ಬಿಟ್ಟು ಉಪ್ಪು ಮಾಡುತ್ತಿದ್ದೆವು. ಆಮೇಲೆ ಆ ದ್ರಾವಣವನ್ನು ದೊಡ್ಡ ಪಾತ್ರೆಯಲ್ಲಿ ಹಬೆಯಿಂದ ಕಾಯಿಸಿ ಗಟ್ಟಿ ಮಾಡಬೇಕು. ಕಾಯಿಸುವ ಮೊದಲು ಸಿಂಹಾಚಲಂ ಪಾತ್ರೆಯ ಬಾಯಿಗೆ ಬಗ್ಗಿ ಮೂಸುತ್ತಿದ್ದ. ಸ್ವಲ್ಪ ಅಮೋನಿಯಾ ವಾಸನೆ ಮೂಗಿಗೆ ಬಡಿದರೆ, ಎಂದರೆ ಆಮ್ಲವೆಲ್ಲ ತೀರಿ ಅಮೋನಿಯಾ ಮಿಕ್ಕಿದ್ದರೆ, ಮಾತ್ರ ಹಬೆ ಬಿಡುತ್ತಿದ್ದ.

ಒಂದು ಮಧ್ಯಾಹ್ನ ಅವನು ರಜೆಯಲ್ಲಿದ್ದಾಗ ಬೇರೊಬ್ಬ ಆಪರೇಟರ್ ಮೂಸದೆ ಹಬೆ ಬಿಟ್ಟ. ಆಮ್ಲ ಉಳಿದುಬಿಟ್ಟಿತ್ತು. ಪಾತ್ರೆ ಕಾಯುತ್ತ ಕಾಯುತ್ತ ಹಬೆ ನಿಲ್ಲಿಸಿದ ಮೇಲೂ ಕಾಯುವುದನ್ನು ನಿಲ್ಲಿಸಲಿಲ್ಲ, ಥರ್ಮಾಮೀಟರ್ ತಾನೇ ತಾನಾಗಿ ಏರಿತು. ಸಂಬಳದ ಚೀಟಿಗೆಂದು ಗೇಟಿಗೆ ಬಂದಿದ್ದ ಸಿಂಹಾಚಲಂ ಕೂಗಾಟ ಕೇಳಿ ಓಡಿಬಂದ. ಎಲ್ಲರನ್ನೂ ಹೊರಗಟ್ಟಿ, ಪಾತ್ರೆಯ ಸುತ್ತಿನ ಕವಚಕ್ಕೆ ತಣ್ಣೀರು ಬಿಟ್ಟು, ಅಮೋನಿಯಾದ ನಲ್ಲಿ ತಿರುಗಿಸಿದ. ಅರ್ಧ ಗಂಟೆಯ ಮೇಲೆ ಎಲ್ಲ ತಣ್ಣಗಾಯಿತು. "ವಾಸ್ನೆ ಹೋದ್ರೆ ಇದು ಕ್ವಾಪ ಮಾಡ್ಕೊಂತೈತಮ್ಮಾ" ಎಂದ, ಬೆವರು ಒರೆಸಿಕೊಳ್ಳುತ್ತ.

ಮೂರ್ತಿಗಾರು ಬಂದು ಎಂದಿನಂತೆ "ಕಾಗದ ಎಲ್ಲಿ?" ಎಂದರು. ಅವರಿಗೆ ಆಕಾಶ ಕಳಚಿ ಬಿದ್ದರೂ ಅದರ ರಿಪೋರ್ಟು ಬೇಕು. ನಾನೇ ಪುಸ್ತಕ ತೆರೆದು ಓದಿ ಸೂಚನೆ ಬರೆದೆ: ಆಮ್ಲ ಮತ್ತು ಬಿಸಿ ಸೇರಿದರೆ ನಮ್ಮ ಉಪ್ಪಿನ ಗಂಧಕ ಸಾರಜನಕಗಳ ಅಂಟು ಬಿಟ್ಟುಹೋಗುತ್ತದೆ, ಉಪ್ಪು ಗೊಬ್ಬರದ ಸಲ್ಫೇಟಾಗಿ ಬದಲಾಗುತ್ತದೆ, ಬದಲಾಗುವಾಗ ತಾನೇ ಬಿಸಿಯನ್ನೂ ಹುಟ್ಟಿಸುತ್ತದೆ, ಆದ್ದರಿಂದ ಆಮ್ಲ ಇರುವಾಗ ಕಾಯಿಸಕೂಡದು. ದಪ್ಪ ಅಕ್ಷರದಲ್ಲಿ ಬರೆದು ಪಾತ್ರೆಯ ಪಕ್ಕದ ಗೋಡೆಗೆ ಹಾಕಿಸಿದೆ. ದಿನಕ್ಕೆ ನಾಲ್ಕು ಸಲ ಅದರ ಮುಂದೆ ಓಡಾಡುತ್ತಿದ್ದೆ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ, ನನ್ನ ಬುದ್ಧಿವಂತಿಕೆ ಎಷ್ಟೆಂಬುದು ಗೊತ್ತಾಗುತ್ತದೆ.

ನಮ್ಮ ದೊಡ್ಡ ಗಿರಾಕಿ ವಿಜಯವಾಡದ ಸತ್ಯವತಿಗಾರು. ಗಂಡ ತೀರಿಕೊಂಡ ಮೇಲೆ ಬಣ್ಣದ ಕಾರ್ಖಾನೆಯನ್ನು ತಾವೇ ನಡೆಸುತ್ತಿದ್ದ ಹೆಂಗಸು. ಮಂಗಳಗಿರಿಯ ಮಗ್ಗಗಳಿಂದ ದಪ್ಪ ಹತ್ತಿ ಬಟ್ಟೆ ನೇಯಿಸಿ ತಂದು, ಬಣ್ಣ ಹಾಕಿ, ನಮ್ಮ ಉಪ್ಪಿನಲ್ಲಿ ಅದ್ದಿ ಟಾಕೀಸುಗಳಿಗೆ ಪರದೆ ಒದಗಿಸುತ್ತಿದ್ದರು. ಆ ವರ್ಷ ಅವರು ನಿವೃತ್ತ ಕಾಲೇಜು ಮೇಷ್ಟರೊಬ್ಬರನ್ನು ಸಲಹೆಗಾರರಾಗಿ ಇಟ್ಟುಕೊಂಡರು. ಮೇಷ್ಟರು ಬಂದ ಕೂಡಲೇ ಉಗ್ರಾಣದಲ್ಲಿದ್ದ ಒಂದೊಂದು ಡಬ್ಬಿಯನ್ನೂ ಬಿಚ್ಚಿ ಪರೀಕ್ಷೆ ಮಾಡಿದರಂತೆ. ನಮಗೆ ಕಾಗದ ಬಂತು: ನಿಮ್ಮ ಮಾಲಿನಲ್ಲಿ ಸಲ್ಫೇಟ್ ಧಾರಾಳವಾಗಿದೆ, ಗೊಬ್ಬರ ಬೆರೆಸಿ ಕಳಿಸಿದ್ದೀರಿ, ಮಾಲು ವಾಪಸು, ಇನ್ನು ಮುಂದೆ ವ್ಯವಹಾರ ಇಲ್ಲ. ಆ ಗಿರಾಕಿ ಹೋದರೆ ನಮ್ಮ ಕಾರ್ಖಾನೆಯ ಒಂದು ಶಿಫ್ಟು ಮುಚ್ಚಬೇಕಾಗಿತ್ತು.

ಮೂರ್ತಿಗಾರು ಕಾಗದವನ್ನು ನನ್ನ ಮೇಜಿನ ಮೇಲಿಟ್ಟು, "ಇದು ನಿಜವೋ ಸುಳ್ಳೋ ನಾಳೆಯೊಳಗೆ ಬರೆದು ಕೊಡಿ" ಎಂದರು. ಸಲ್ಫೇಟ್ ಪರೀಕ್ಷೆ ನಮ್ಮ ದಿನಚರಿಯಲ್ಲಿ ಇರಲಿಲ್ಲ. ತೇವ ಎಷ್ಟು, ಆಮ್ಲ ಎಷ್ಟು, ಅಮೋನಿಯಾ ಎಷ್ಟು ಎಂದು ನೋಡಿ ಬಿಡುತ್ತಿದ್ದೆವು. ಸಲ್ಫೇಟ್ ಪರೀಕ್ಷೆ ಮಾತ್ರ ನನಗೆ ಬಾಯಿಪಾಠ, ಕೆಮಿಸ್ಟ್ರಿ ಓದಿದ ಯಾರಿಗೆ ತಾನೇ ಬಾರದು! ಪುಡಿಯನ್ನು ನೀರಿನಲ್ಲಿ ಕರಗಿಸು, ಹೈಡ್ರೋಕ್ಲೋರಿಕ್ ಆಮ್ಲ ಹಾಕು, ಕುದಿಸು, ಕುದಿಯುತ್ತಿರುವಾಗಲೇ ಬೇರಿಯಂ ಕ್ಲೋರೈಡ್ ಬಿಡು, ಹಬೆಯ ಮೇಲೆ ಇಡು. ಸಲ್ಫೇಟ್ ಇದ್ದರೆ ಬಿಳಿ ಮಡ್ಡಿ ಇಳಿಯುತ್ತದೆ. ಪ್ಯಾಕಿಂಗ್ ಸಮಯದಲ್ಲಿ ತೆಗೆದಿಟ್ಟಿದ್ದ ಬಾಟಲಿಯಿಂದ ಒಂದು ಚಮಚ ತೆಗೆದು ಹಾಗೇ ಮಾಡಿದೆ. ಬಿಳಿ ಮಡ್ಡಿ ಇಳಿಯಿತು. 'ಸಲ್ಫೇಟ್ ಇದೆ' ಎಂದು ಬರೆದು ಸಹಿ ಹಾಕಿದೆ. ಒಂದು ಸಾಲು, ಒಂದು ಸಹಿ, ಎರಡು ನಿಮಿಷದ ಕೆಲಸ.

ಪ್ಯಾಕಿಂಗ್ ಹಾಲಿನ ಪಕ್ಕದ ಕೋಣೆಯಲ್ಲಿ ಕಾರ್ಖಾನೆಯ ತೋಟಕ್ಕೆಂದು ತರಿಸಿದ್ದ ಗೊಬ್ಬರದ ಚೀಲಗಳಿದ್ದವು. ಆ ಕೋಣೆಯ ಬೀಗದ ಕೈ ಸಿಂಹಾಚಲಂ ಹತ್ತಿರ ಇತ್ತು. ಇನ್ನೇನು ಬೇಕು? ಒಳ್ಳೆಯ ಮಾಲನ್ನು ಹೊರಗೆ ಸಾಗಿಸಿ ಚೀಲಕ್ಕೆ ಗೊಬ್ಬರ ತುಂಬಿದ್ದಾನೆ ಎಂದಾಯಿತು. ಅವನನ್ನು ಕೆಲಸದಿಂದ ಅಮಾನತು ಮಾಡಿದ ಆದೇಶವನ್ನು ನನ್ನ ಒಂದು ಸಾಲಿನ ರಿಪೋರ್ಟಿನ ಜೊತೆ ಕ್ಯಾಂಟೀನಿನ ನೋಟೀಸು ಬೋರ್ಡಿಗೆ ಚುಚ್ಚಿದರು. ವಿಚಾರಣೆಯ ನಂತರ ವಜಾ ಮಾಡುವುದೆಂದು ಅದರಲ್ಲೇ ಬರೆದಿತ್ತು. ಮೂರು ಶಿಫ್ಟಿನವರೂ ಓದಿದರು, ಇಂಗ್ಲಿಷ್ ಬಾರದವರು ಓದಿಸಿ ಕೇಳಿದರು.

ಅವನು ಲ್ಯಾಬಿಗೆ ಬಂದ. ಯಾವತ್ತೂ ಬಾಗಿಲಲ್ಲೇ ನಿಲ್ಲುತ್ತಿದ್ದವನು ಅವತ್ತು ಒಳಗೆ ಬಂದು ಮೇಜಿನ ಮುಂದೆ ನಿಂತ. "ನಾನು ಗೊಬ್ಬರ ಬೆರೆಸಿಲ್ಲಮ್ಮಾ. ನಮ್ಮವ್ವನ ಆಣೆ. ನೀವಾದ್ರೂ ನಂಬ್ರಿ" ಎಂದ.

"ಪುಡಿ ಸುಳ್ಳು ಹೇಳೂದಿಲ್ಲ ಸಿಂಹಾಚಲಂ" ಎಂದೆ. ಎಂಥ ಜಂಬ ನನ್ನದು!

ಅವನು ಜಗಳವಾಡಲಿಲ್ಲ. "ಇನ್ನೊಂದ್ ಸಲ ಮಾಡಿ ನೋಡ್ರಮ್ಮಾ" ಎಂದಷ್ಟೇ ಹೇಳಿ ಹೋದ. ಆ ಮಾತು ನನಗೆ ಮುಳ್ಳಿನಂತೆ ಚುಚ್ಚಿತು. ಅವನ ಮೇಲಿನ ನಂಬಿಕೆಯಿಂದ ಏನೂ ಅಲ್ಲ, ನನ್ನ ಕೆಲಸದ ಮೇಲೆ ಅನುಮಾನಪಟ್ಟನಲ್ಲ ಎಂಬ ಸಿಟ್ಟಿಗೆ, ಮಾರನೆಯ ದಿನ ಗೊಬ್ಬರ ಎಷ್ಟು ಪ್ರಮಾಣ ಎಂದೇ ಲೆಕ್ಕ ಹಿಡಿದು ತೋರಿಸುತ್ತೇನೆಂದು ಎರಡು ಬೀಕರ್ ಇಟ್ಟೆ. ಒಂದೇ ಬಾಟಲಿ, ಒಂದೇ ತೂಕ, ಒಂದೇ ಆಮ್ಲ. ಮೊದಲನೆಯದನ್ನು ಊಟದ ಮೊದಲೇ ಸೋಸಿಬಿಟ್ಟೆ. ಅಷ್ಟರಲ್ಲಿ ಮಗನಿಗೆ ಜ್ವರ ಬಂದಿದೆಯೆಂದು ಶಾಲೆಯಿಂದ ಫೋನು ಬಂತು. ಎರಡನೆಯದನ್ನು ಹಬೆಯ ಮೇಲೆಯೇ ಬಿಟ್ಟು ಓಡಿದೆ. ಅವನನ್ನು ಪಕ್ಕದ ಮನೆಯ ಮರಾಠಿ ಹೆಂಗಸಿನ ಹತ್ತಿರ ಮಲಗಿಸಿ ವಾಪಸು ಬಂದಾಗ ನಾಲ್ಕು ಗಂಟೆ.

ಮೊದಲನೆಯ ಬೀಕರಿನಲ್ಲಿ ಬಂದಿದ್ದ ಮಡ್ಡಿ ಚಮಚದ ತುದಿಯಷ್ಟು. ಎರಡನೆಯದರಲ್ಲಿ ಬೀಕರಿನ ತಳವೇ ಕಾಣುತ್ತಿರಲಿಲ್ಲ. ನಾನು ಪೆದ್ದಿಯಂತೆ ನೋಡುತ್ತ ನಿಂತೆ. ನಾನಿಲ್ಲದಾಗ ಸಿಂಹಾಚಲಂ ಬಂದು ಬೀಕರಿಗೇ ಗೊಬ್ಬರ ಹಾಕಿ ಹೋದನೇ? ಅವನನ್ನು ಗೇಟಿನೊಳಗೆ ಬಿಡುತ್ತಿರಲಿಲ್ಲ. ಒಂದೇ ಪುಡಿ ಬೆಳಿಗ್ಗೆ ಸ್ವಲ್ಪ ಕಳ್ಳ, ಸಂಜೆ ದೊಡ್ಡ ಕಳ್ಳ ಆಗುವುದು ಹೇಗೆ?

ಆ ವಾರ ಹಡಗು ಬಂದರಿನಲ್ಲಿತ್ತು, ಮನೆಯವರು ಹಗಲೆಲ್ಲ ಹಡಗಿನಲ್ಲಿದ್ದು ಸಂಜೆಗೆ ಮನೆಗೆ ಬರುತ್ತಿದ್ದರು. ಸಂಜೆ ಚಹಾ ಕೊಡುವಾಗ ನನ್ನ ಮುಖ ನೋಡಿ, "ಯಾಕ, ಏನಾತು? ಮಾರಿ ಯಾಕ ಹಿಂಗ ಮಾಡ್ಕೊಂಡೀ? ಹುಡುಗನ ಜ್ವರ ಇಳದದಲ್ಲ" ಎಂದರು.

"ಒಬ್ಬಾವನ್ನ ಕಳ್ಳ ಅಂತ ಬರದು ಕೊಟ್ಟೇನ್ರೀ. ಈಗ ನೋಡಿದ್ರ ನನ್ನ ಟೆಸ್ಟ್ ಒಮ್ಮಿ ಒಂದು ಹೇಳ್ತದ, ಒಮ್ಮಿ ಒಂದು ಹೇಳ್ತದ" ಎಂದು ಎಲ್ಲ ಹೇಳಿದೆ.

"ನಮ್ಮ ಎಂಜಿನ್ ರೂಮಿನಾಗ ಗೇಜ್ ಹಿಂಗ ಕುಣದ್ರ ಮೊದಲ ಗೇಜ್ ಬಿಚ್ಚತೇವಿ" ಎಂದರು ಅವರು, ಬಟ್ಟಲು ಕೆಳಗಿಡುತ್ತ. "ನೀ ಸೀದಾ ಎಂಜಿನ್ ಬಿಚ್ಚೀದಿ ನೋಡು."

ಮರುದಿನ ಬೆಳಿಗ್ಗೆ ಲ್ಯಾಬಿಗೆ ಹೋಗುವ ದಾರಿಯಲ್ಲಿ ಪಾತ್ರೆಯ ಪಕ್ಕದ ಗೋಡೆ ಬಂತು. ಗೋಡೆಯ ಮೇಲೆ ನನ್ನದೇ ದಪ್ಪ ಅಕ್ಷರ: ಆಮ್ಲ ಇರುವಾಗ ಕಾಯಿಸಕೂಡದು, ಉಪ್ಪು ಸಲ್ಫೇಟಾಗುತ್ತದೆ. ನಾನು ಕಾಲು ಕಿತ್ತಿಡಲಾರದೆ ನಿಂತುಬಿಟ್ಟೆ. ಪಾತ್ರೆಯಲ್ಲಿ ಮಾಡಬಾರದೆಂದು ಊರಿಗೆಲ್ಲ ಸಾರಿದ ಕೆಲಸವನ್ನು ನಾನು ಬೀಕರಿನಲ್ಲಿ ಮಾಡಿದ್ದೆ! ಆಮ್ಲ ಹಾಕಿದ್ದೆ, ಕುದಿಸಿದ್ದೆ, ಇಡೀ ಮಧ್ಯಾಹ್ನ ಹಬೆಯ ಮೇಲೆ ಇಟ್ಟಿದ್ದೆ. ಚೀಲದಲ್ಲಿ ಗೊಬ್ಬರ ಇರಲೇ ಇಲ್ಲ. ನನ್ನ ಪರೀಕ್ಷೆಯೇ ಒಳ್ಳೆಯ ಉಪ್ಪನ್ನು ಒಡೆದು ಸಲ್ಫೇಟ್ ಮಾಡಿ, ನೋಡಿ ಸಲ್ಫೇಟ್ ಸಿಕ್ಕಿತು ಎಂದು ತೋರಿಸುತ್ತಿತ್ತು. ಹೆಚ್ಚು ಹೊತ್ತು ಕುದಿಸಿದಷ್ಟೂ ಹೆಚ್ಚು ಕಳ್ಳತನ. ವಿಜಯವಾಡದ ಮೇಷ್ಟರೂ ನನ್ನಂತೆಯೇ ಕಾಲೇಜಿನಲ್ಲಿ ಕಲಿತದ್ದನ್ನು ಚಾಚೂ ತಪ್ಪದೆ ಮಾಡಿದ್ದರು. ಓದದ ಮನುಷ್ಯನೊಬ್ಬ ಈ ತಪ್ಪನ್ನು ಮಾಡಲು ಸಾಧ್ಯವೇ ಇರಲಿಲ್ಲ.

ಲ್ಯಾಬಿಗೆ ಓಡಿದೆ. ತಣ್ಣೀರಿನಲ್ಲಿ ಪುಡಿ ಕರಗಿಸಿ, ಒಲೆಯ ಹತ್ತಿರವೂ ಸುಳಿಯದೆ, ಎರಡು ಹನಿ ಆಮ್ಲ, ಬೇರಿಯಂ ಕ್ಲೋರೈಡ್. ಕಾರ್ಖಾನೆಯ ಮಾಲಿನಲ್ಲಿ ಇದ್ದೇ ಇರುವ ಚೂರು ಮಬ್ಬು ಬಿಟ್ಟರೆ ಗಾಜಿನ ಕೊಳವೆ ತಿಳಿಯಾಗಿತ್ತು. ವಿಜಯವಾಡದಿಂದ ಅಷ್ಟರಲ್ಲಿ ವಾಪಸು ಬಂದಿದ್ದ ಕೆಲವು ಚೀಲಗಳಿಂದ ತೆಗೆದೂ ಮಾಡಿದೆ, ಅದೂ ತಿಳಿ. ತೋಟದ ಗೊಬ್ಬರ ತಂದು ಹಾಗೇ ಮಾಡಿದೆ, ತಣ್ಣೀರಿನಲ್ಲೇ ಥಟ್ಟನೆ ಹಾಲಾಯಿತು. ನಾನು ಲ್ಯಾಬಿನಲ್ಲಿ ಒಬ್ಬಳೇ ಕೂಗಿದೆ. ಸಂತೋಷ ಒಂದು ಕಡೆ, ನಾಚಿಕೆ ಒಂದು ಕಡೆ.

ಮೂರ್ತಿಗಾರು ನನ್ನ ಮೂರು ಕೊಳವೆಗಳನ್ನು ನೋಡಿ ತಲೆ ಹಿಡಿದುಕೊಂಡರು. "ಮೊನ್ನೆ ಒಂದು ಕಾಗದಕ್ಕೆ ಸಹಿ ಹಾಕಿದಿರಿ. ಇವತ್ತು ಅದಕ್ಕೆ ಉಲ್ಟಾ ಕಾಗದಕ್ಕೆ ಸಹಿ ಹಾಕುತ್ತೀನಿ ಅಂತೀರಿ. ವಿಜಯವಾಡದವರು ಯಾವುದನ್ನು ನಂಬಬೇಕಮ್ಮಾ?"

"ಕಾಗದ ಬೇಡ ಸಾರ್. ಅಲ್ಲಿಗೆ ಹೋಗೋಣ. ಅವರಲ್ಲಿ ಇನ್ನೂ ಉಳಿದಿರುವ ಚೀಲ, ಅವರ ಬಾಟಲಿ, ಅವರ ಕಣ್ಣ ಮುಂದೆ ಮಾಡೋಣ. ಸಿಂಹಾಚಲಂ ಕೂಡ ಬರಲಿ."

"ಅಲ್ಲಿ ತಪ್ಪಿದರೆ?"

"ತಪ್ಪಿದರೆ ನಾನು ಅಲ್ಲಿಂದಲೇ ಗದಗಿನ ರೈಲು ಹತ್ತುತ್ತೀನಿ" ಎಂದೆ.

ಸಿಂಹಾಚಲಂ ಎಲ್ಲಿದ್ದಾನೆಂದು ಹುಡುಕಬೇಕಾಗಿರಲಿಲ್ಲ. ಅಮಾನತಾದ ದಿನದಿಂದ ಅವನು ಶಿಫ್ಟಿನ ಹೊತ್ತಿಗೆ ಸರಿಯಾಗಿ ಕಾರ್ಖಾನೆಯ ಖಾಕಿ ಬಟ್ಟೆ ಹಾಕಿಕೊಂಡು ಬಂದು ಗೇಟಿನ ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದ, ಶಿಫ್ಟು ಬಿಟ್ಟಾಗ ಏಳುತ್ತಿದ್ದ. ಓಡಿಹೋದ ಎಂದು ಯಾರೂ ಅನ್ನಬಾರದಲ್ಲ. ನಾನು ಹೋಗಿ ಅವನ ಎದುರು ನಿಂತು, ತಪ್ಪು ನನ್ನದು ಎಂದೆ.

ಅವನು ಎದ್ದು ನಿಂತ. "ಇಲ್ಲಿ ನನಗ್ಯಾಕ್ ಹೇಳ್ತೀರಮ್ಮಾ? ನನಗೆ ಮೊದ್ಲೇ ಗೊತ್ತಿತ್ತಲ್ಲ. ಗೊತ್ತಿಲ್ದೋರಿಗೆ ಹೇಳ್ರಿ" ಎಂದ. ಕೋಪದಿಂದ ಅಂದದ್ದಲ್ಲ. ಆದರೂ ನಾನು ತಲೆ ಎತ್ತಲಿಲ್ಲ.

ಬೆಳಗಿನ ರೈಲಿಗೆ ಮೂವರೂ ವಿಜಯವಾಡಕ್ಕೆ ಹೋದೆವು. ದಾರಿಯುದ್ದಕ್ಕೂ ಮೂರ್ತಿಗಾರು ಮಾತಾಡಲಿಲ್ಲ, ಸಿಂಹಾಚಲಂ ತಂದಿದ್ದ ಪುಳಿಯೋಗರೆಯನ್ನು ಮಾತ್ರ ಚೊಕ್ಕವಾಗಿ ತಿಂದರು. ವಿಜಯವಾಡದ ಬಿಸಿಲು ಗೊತ್ತಲ್ಲ, ಸ್ಟೇಷನ್ನಿನಿಂದ ರಿಕ್ಷಾ ಹತ್ತುವಷ್ಟರಲ್ಲಿ ಸೀರೆ ಬೆನ್ನಿಗೆ ಅಂಟಿತ್ತು. ಸತ್ಯವತಿಗಾರು ಮಜ್ಜಿಗೆ ಕೊಟ್ಟು ಕೂರಿಸಿದರು. ಮೇಷ್ಟರು ಬಿಳಿ ಪಂಚೆ, ಬಿಳಿ ಶರಟಿನಲ್ಲಿ ಮೇಜಿನ ಆಚೆ ಕೂತಿದ್ದರು. ತಮ್ಮ ಪರೀಕ್ಷೆಯ ಬೀಕರುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು, ಎಲ್ಲದರಲ್ಲೂ ಬಿಳಿ ಮಡ್ಡಿ.

"ಮೇಷ್ಟರೇ, ನಾನೂ ಇದನ್ನೇ ಮಾಡಿ ಇದೇ ತಪ್ಪು ಮಾಡಿದೆ" ಎಂದು ಶುರುಮಾಡಿದೆ. ಕುದಿಸಿದರೆ ಏನಾಗುತ್ತದೆಂದು ಹೇಳಿದೆ. ಅವರು ಕಣ್ಣು ಕಿರಿದು ಮಾಡಿ ಕೇಳಿದರು.

"ಪುಸ್ತಕದಲ್ಲಿ ಕುದಿಸು ಎಂದೇ ಇದೆಯಲ್ಲಮ್ಮಾ."

"ಅದು ಕುದಿಸಿದರೆ ಒಡೆಯದ ಉಪ್ಪುಗಳಿಗೆ ಸಾರ್. ಇದು ಒಡೆಯುತ್ತದೆ."

"ನಿಮ್ಮ ಕಡೆಯ ಬಾಟಲಿ ತಂದಿದ್ದೀರೋ?"

"ಇಲ್ಲ. ಎಲ್ಲ ನಿಮ್ಮದೇ."

ಮೇಷ್ಟರು, "ನೀವೂ ಮಾಡಬೇಡಿ. ಕೆಮಿಸ್ಟ್ರಿ ಓದಿದ ಕೈಗೆ ಚಳಕ ಇರುತ್ತದೆ. ಏನೂ ಗೊತ್ತಿಲ್ಲದವರು ಮಾಡಲಿ" ಎಂದರು. ಕೋಣೆಯಲ್ಲಿ ಸುತ್ತ ನೋಡಿ, ಗೋಡೆಗೆ ಒರಗಿ ನಿಂತಿದ್ದ ಖಾಕಿ ಬಟ್ಟೆಯವನ ಕಡೆ ಕೈ ತೋರಿಸಿದರು. ಅವನೇ ಕಳ್ಳನೆನಿಸಿಕೊಂಡವನು ಎಂಬುದು ಅವರಿಗೆ ಗೊತ್ತಿರಲಿಲ್ಲ. ಮೂರ್ತಿಗಾರು ಕೆಮ್ಮಿದರು.

ಸಿಂಹಾಚಲಂ ಕೈ ತೊಳೆದು ಬಂದ. ಸತ್ಯವತಿಗಾರು ತಾವೇ ಚೀಲದ ಬಾಯಿ ಬಿಚ್ಚಿದರು. ಅವನು ನಾಲ್ಕು ಕಡೆಯಿಂದ, ಮೇಲಿಂದ ನಡುವಿಂದ ಆಳದಿಂದ ತೆಗೆದ. ಪ್ಯಾಕಿಂಗಿನ ಮನುಷ್ಯನಿಗೆ ಅದನ್ನು ಕಲಿಸಬೇಕಾಗಿರಲಿಲ್ಲ. ತಣ್ಣೀರಿನಲ್ಲಿ ಕರಗಿಸಿದ. ಮೇಷ್ಟರು ಹೇಳಿದಂತೆ ಎರಡು ಹನಿ ಆಮ್ಲ ಬಿಟ್ಟ, ಬೇರಿಯಂ ಕ್ಲೋರೈಡ್ ಬಿಟ್ಟ. ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಆಚೆಯ ಅಂಗಳದಲ್ಲಿ ಒಣಗಲು ಹಾಕಿದ್ದ ಕೆಂಪು ಪರದೆ ಕೊಳವೆಯ ಮೂಲಕ ಕಾಣುತ್ತಿತ್ತು. ಅಷ್ಟು ತಿಳಿಯಾಗಿತ್ತು.

ಮೇಷ್ಟರು ಎದ್ದು ಬಂದು ಕೊಳವೆಯನ್ನು ತಾವೇ ಹಿಡಿದು ನೋಡಿದರು. ಸತ್ಯವತಿಗಾರು ಗೊಬ್ಬರದಂಗಡಿಗೆ ಆಳು ಕಳಿಸಿ ಒಂದು ಪೊಟ್ಟಣ ಸಲ್ಫೇಟ್ ತರಿಸಿದರು. ಸಿಂಹಾಚಲಂ ಅದನ್ನೂ ಹಾಗೇ ಮಾಡಿದ, ಕಣ್ಣು ಮಿಟುಕಿಸುವುದರಲ್ಲಿ ಕೊಳವೆ ಬೆಳ್ಳಗಾಯಿತು.

"ಇದರಲ್ಲಿ ಸಲ್ಫೇಟ್ ಇಲ್ಲ, ಒಪ್ಪಿದೆ" ಎಂದರು ಮೇಷ್ಟರು, ನಮ್ಮ ಕೊಳವೆ ತೋರಿಸಿ. "ಸಲ್ಫಮೇಟ್ ಇದೆ ಅಂತ ಏನು ಗ್ಯಾರಂಟಿ? ಅಡುಗೆ ಉಪ್ಪೂ ಹೀಗೇ ತಿಳಿಯಾಗಿರುತ್ತದೆ."

ಈ ಪ್ರಶ್ನೆ ಬಂದೀತೆಂದು ಹಿಂದಿನ ದಿನವಿಡೀ ಓದಿಕೊಂಡು ಬಂದಿದ್ದೆ. "ಅದೇ ಕೊಳವೆಗೆ ನಿಮ್ಮ ಸೋಡಿಯಂ ನೈಟ್ರೈಟ್ ದ್ರಾವಣ ನಾಲ್ಕು ಹನಿ ಬಿಡಿಸಿ ಸಾರ್" ಎಂದೆ. ಬಣ್ಣದ ಕಾರ್ಖಾನೆಯಲ್ಲಿ ನೈಟ್ರೈಟ್ ಇಲ್ಲದೆ ಇರುತ್ತದೆಯೇ.

ಸಿಂಹಾಚಲಂ ಹನಿ ಬಿಟ್ಟ. ಕೊಳವೆ ಸುಂಯ್ ಎಂದಿತು. ತಳದಿಂದ ಗುಳ್ಳೆಗಳು ನುಗ್ಗಿ ಬಂದವು, ಸೋಡಾ ಬಾಟಲಿ ಒಡೆದಂತೆ. ನೈಟ್ರೈಟಿನ ಸಾರಜನಕ ನಮ್ಮ ಉಪ್ಪಿನ ಸಾರಜನಕವನ್ನು ಕಿತ್ತುಕೊಂಡು, ಎರಡೂ ಜೊತೆಯಾಗಿ ಅನಿಲವಾಗಿ ಹಾರಿಹೋಗುತ್ತಿದ್ದವು. ಅಂಟು ಬಿಟ್ಟ ಗಂಧಕ ಅಲ್ಲೇ ಸಲ್ಫೇಟಾಗಿ, ಕೊಳವೆಯಲ್ಲಿ ಮೊದಲೇ ಕಾದಿದ್ದ ಬೇರಿಯಂಗೆ ಸಿಕ್ಕಿ, ಗುಳ್ಳೆಗಳ ನಡುವೆ ಬಿಳಿ ಮಡ್ಡಿ ಮೇಲಿಂದ ಮೇಲೆ ಹುಟ್ಟಿತು. ನೀರಿನಂತಿದ್ದದ್ದು ಎಲ್ಲರ ಕಣ್ಣೆದುರು ಗಟ್ಟಿ ಹಾಲಾಯಿತು. ಅಡುಗೆ ಉಪ್ಪೂ ಗೊಬ್ಬರವೂ ಈ ಆಟ ಆಡಲಾರವು. ಸತ್ಯವತಿಗಾರು ಮಗುವಿನ ಹಾಗೆ ಚಪ್ಪಾಳೆ ತಟ್ಟಿಬಿಟ್ಟರು.

ಮೇಷ್ಟರು ಕೊಳವೆಯನ್ನು ಕೆಳಗಿಟ್ಟರು. ಆಮೇಲೆ ತಮ್ಮ ಬೀಕರುಗಳನ್ನು ಒಂದೊಂದಾಗಿ ಎತ್ತಿ ಬಚ್ಚಲಿಗೆ ಸುರಿದರು. "ಜೀವಮಾನವೆಲ್ಲ ಮಕ್ಕಳಿಗೆ ಕುದಿಸಿ ಎಂದೇ ಹೇಳಿಕೊಟ್ಟೆ. ಯಾಕೆ ಎಂದು ಒಬ್ಬನೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ" ಎಂದರು. ಸಿಂಹಾಚಲಂ ಕಡೆ ತಿರುಗಿ, "ಚೆನ್ನಾಗಿ ಮಾಡಿದೆ ಬಾಬು. ನಿನ್ನ ಹೆಸರೇನು?" ಎಂದರು. ಅವನು ಹೆಸರು ಹೇಳಿದ. ಅಮಾನತಿನ ಪತ್ರದ ಪ್ರತಿ ಅವರ ಮೇಜಿನ ಮೇಲೆಯೇ ಇತ್ತು, ನಾವೇ ಕಳಿಸಿದ್ದೆವು. ಹೆಸರು ಕೇಳಿದ ಮೇಷ್ಟರು ಎರಡೂ ಕೈ ಜೋಡಿಸಿದರು. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು, ಮುಚ್ಚಿಡಲು ಹೋಗಲಿಲ್ಲ. ಸತ್ಯವತಿಗಾರು ಹಳೆಯ ಮಾಲನ್ನೂ ಇಟ್ಟುಕೊಂಡರು, ಹೊಸ ಆರ್ಡರನ್ನೂ ಕೊಟ್ಟರು. ವಾಪಸು ಬರುವಾಗ ಮೂರ್ತಿಗಾರು ಪ್ರತಿ ಸ್ಟೇಷನ್ನಿನಲ್ಲೂ ಇಳಿದು ಏನಾದರೊಂದು ತಿಂಡಿ ತಂದುಕೊಟ್ಟರು.

ಆ ನೈಟ್ರೈಟ್ ಪರೀಕ್ಷೆಯನ್ನೇ ಪ್ರಮಾಣ ಅಳೆಯುವ ಕ್ರಮವಾಗಿ ಮಾಡಿ ಮುಂದೆ ಪ್ರತಿ ಬ್ಯಾಚಿಗೂ ನಡೆಸಿದೆವು. ಸಲ್ಫೇಟ್ ಪರೀಕ್ಷೆಯ ಹಾಳೆಯಲ್ಲಿ 'ಕುದಿಸಿ' ಎಂಬುದನ್ನು ಹೊಡೆದುಹಾಕಿ 'ತಣ್ಣಗೆ' ಎಂದು ಬರೆದೆ. ಈಗ ನಿಮ್ಮ ಲ್ಯಾಬುಗಳಲ್ಲಿ ಯಂತ್ರವೇ ಎಲ್ಲ ಹೇಳುತ್ತದೆ, ಸಂತೋಷ. ಯಂತ್ರಕ್ಕೆ ಹಾಕುವ ಮೊದಲು ಸ್ಯಾಂಪಲ್ಲಿಗೆ ನೀವೇನು ಮಾಡಿದಿರಿ ಎಂಬುದನ್ನು ಮಾತ್ರ ನೀವೇ ಕೇಳಿಕೊಳ್ಳಬೇಕು.

ಮರುದಿನ ಬೆಳಗಿನ ಶಿಫ್ಟು ಬಿಟ್ಟು ಮಧ್ಯಾಹ್ನದ ಶಿಫ್ಟು ಸೇರುವ ಹೊತ್ತಿಗೆ ಕ್ಯಾಂಟೀನು ಕಿಕ್ಕಿರಿದಿತ್ತು. ಮೂರ್ತಿಗಾರು ನೇರವಾಗಿ ನೋಟೀಸು ಬೋರ್ಡಿಗೆ ಹೋಗಿ ಆದೇಶವನ್ನೂ ನನ್ನ ರಿಪೋರ್ಟನ್ನೂ ಕಿತ್ತು ಹರಿಯಲು ಹಿಡಿದರು. ಸಿಂಹಾಚಲಂ ಅಡ್ಡ ಬಂದ.

"ಚಿಂಪೊದ್ದು ಸಾರ್, ಹರೀಬೇಡ್ರಿ" ಎಂದ. "ಹರಿದ್ರೆ ಮಾಫ್ ಮಾಡಿದ್ರು ಅಂತಾರೆ. ನನಗೆ ಮಾಫಿ ಬೇಡ. ಅಲ್ಲೇ ಇರ್ಲಿ. ಅದರ ಕೆಳಗೆ ಬರೀರಿ."

ಮೂರ್ತಿಗಾರು ಕಾಗದವನ್ನು ಮತ್ತೆ ಬೋರ್ಡಿಗೆ ಚುಚ್ಚಿ, ಜೇಬಿನಿಂದ ಪೆನ್ನು ತೆಗೆದು ಆದೇಶ ರದ್ದು ಎಂದು ಬರೆದು ಸಹಿ ಹಾಕಿದರು. ಆಮೇಲೆ ಪೆನ್ನನ್ನು ನನ್ನ ಕೈಗೆ ಕೊಟ್ಟರು. ನನ್ನ ರಿಪೋರ್ಟು ಇಂಗ್ಲಿಷಿನಲ್ಲಿತ್ತು. ಅದರ ಕೆಳಗೂ ಇಂಗ್ಲಿಷಿನಲ್ಲಿ ಬರೆದರೆ ಅಲ್ಲಿ ಅರ್ಧ ಜನಕ್ಕೆ ಅರ್ಥವಾಗುತ್ತಿರಲಿಲ್ಲ. ಬಸ್ಸಿನ ಬೋರ್ಡು ಓದಿ ಓದಿ ಕಲಿತ ತೆಲುಗು ಅಕ್ಷರದಲ್ಲಿ, ಬದುಕಿನಲ್ಲಿ ಮೊದಲ ಸಲ ಒಂದು ಪೂರ್ತಿ ಸಾಲು ಬರೆದೆ: 'ತಪ್ಪು ಸಿಂಹಾಚಲಂದಿ ಕಾದು, ನಾದಿ.' ತಪ್ಪು ಅವನದಲ್ಲ, ನನ್ನದು. ಕೆಳಗೆ ಹೆಸರು ಹಾಕಿದೆ.

"ಓದ್ರಮ್ಮಾ" ಎಂದ ಸಿಂಹಾಚಲಂ.

ತಿರುಗಿ ನಿಂತು ಓದಿದೆ. ಅಷ್ಟು ಜನರ ಮುಂದೆ ಧ್ವನಿ ಸಣ್ಣದಾಯಿತು, ತೆಲುಗು ಗದಗಿನ ಧಾಟಿಯಲ್ಲಿ ಬಂತು. ಯಾರೂ ನಗಲಿಲ್ಲ. ಮುಂದಿನ ಸಾಲಿನವರು ತಟ್ಟೆ ಕೆಳಗಿಟ್ಟು ಎದ್ದು ನಿಂತರು. ಸಿಂಹಾಚಲಂ ಕ್ಯಾಂಟೀನಿನ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿ, ನಿಧಾನವಾಗಿ ತಲೆಗೆ ಟವೆಲು ಸುತ್ತಿಕೊಂಡು ಹೇಳಿದ:

"ಇನ್ನೊಂದ್ ಸಲ ಓದ್ರಮ್ಮಾ. ಹಿಂದಿನ ಬೆಂಚಿನೋರಿಗೆ ಕೇಳ್ಲಿಲ್ಲ."

ನಾನು ಎದೆ ತುಂಬ ಉಸಿರು ಎಳೆದುಕೊಂಡು ಇನ್ನೊಂದು ಸಲ ಓದಿದೆ, ಗೇಟಿನಾಚೆಯ ಚಹಾ ಅಂಗಡಿಯವನಿಗೂ ಕೇಳುವಂತೆ.